ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಹೇಗೆ ಆರಿಸಿಕೊಳ್ಳುತ್ತವೆ?

ಹಾವೇರಿಯಿಂದ ತಾವು ಎರಡು ವಿಷಯ ಕೇಳಿದ್ದೀರಿ: ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಲೀಗಿನಲ್ಲಿಯೂ ಹೊಸ ಆಟಗಾರರನ್ನು ಹರಾಜಿನಲ್ಲಿ ಕೊಳ್ಳುತ್ತಾರೆಯೇ, ಮತ್ತು ಪಿಯುಸಿ ಓದುತ್ತಿರುವ, ಆರು ಅಡಿ ಐದು ಇಂಚು ಎತ್ತರದ ತಮ್ಮ ಮಗನಿಗೆ ಅಲ್ಲಿ ಅವಕಾಶ ಉಂಟೇ ಎಂದು. ನಾನು ಧಾರವಾಡದಲ್ಲಿ ಬಹಳ ವರ್ಷಗಳಿಂದ ಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಕಲಿಸುತ್ತಿದ್ದೇನೆ. ಬೇಸಿಗೆ ಶಿಬಿರಗಳಲ್ಲಿ ಪಾಲಕರು ಇದನ್ನೇ ಕೇಳುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಅದು ಹರಾಜಲ್ಲ. ಮಹಾರಾಜ ಟ್ರೋಫಿ ಕ್ರಿಕೆಟ್ ಹರಾಜಿನಲ್ಲಿ ಹುಬ್ಬಳ್ಳಿ ಟೈಗರ್ಸ್ ಒಬ್ಬ ಆಟಗಾರನನ್ನು ಪಡೆಯಬೇಕಾದರೆ ಉಳಿದ ತಂಡಗಳಿಗಿಂತ ಹೆಚ್ಚು ಹಣ ಕೂಗಬೇಕಾಗುತ್ತದೆ. ಹೊಸ ಆಟಗಾರರನ್ನು ಆರಿಸಿಕೊಳ್ಳುವ ಎನ್‌ಬಿಎ ಡ್ರಾಫ್ಟ್‌ನಲ್ಲಿ ಹಣ ಕೂಗುವ ಮಾತೇ ಇಲ್ಲ, ಅಲ್ಲಿ ಇರುವುದು ಪಾಳಿ. 30 ತಂಡಗಳಿಗೆ ಎರಡು ಸುತ್ತು, ಒಟ್ಟು 60 ಆಯ್ಕೆಗಳು. ನಿಯಮ ಮುರಿದ ತಂಡದ ಪಾಳಿಯನ್ನು ಲೀಗ್ ರದ್ದು ಮಾಡಿದ ವರ್ಷ ಒಂದೆರಡು ಕಡಿಮೆಯಾಗುತ್ತವೆ. ತನ್ನ ಪಾಳಿ ಬಂದಾಗ ತಂಡವು ಯಾರ ಹೆಸರು ಹೇಳುತ್ತದೆಯೋ ಅವನೊಂದಿಗೆ ಒಪ್ಪಂದ ಮಾಡಿಕೊಳ್ಳುವ ಹಕ್ಕು ಅದಕ್ಕೆ ದೊರೆಯುತ್ತದೆ, ಮತ್ತು ಆ ಹಕ್ಕನ್ನು ಅದು ಬೇರೆ ತಂಡಕ್ಕೆ ಬಿಟ್ಟುಕೊಟ್ಟು ಬದಲಿಗೆ ಇನ್ನೊಬ್ಬ ಆಟಗಾರನನ್ನು ಪಡೆಯಲೂಬಹುದು. ಮೊದಲ ಸುತ್ತಿನವರ ಸಂಬಳದ ಪ್ರಮಾಣ ಕ್ರಮಾಂಕಕ್ಕೆ ತಕ್ಕಂತೆ ಮೊದಲೇ ಗೊತ್ತುಮಾಡಿರುತ್ತದೆ. ಎರಡನೆಯ ಸುತ್ತಿನವರಿಗೆ ಅಂಥ ಖಾತರಿ ಇಲ್ಲ.

ಪಾಳಿ ಯಾರಿಗೆ ಮೊದಲು ಎಂಬುದೇ ಇದರಲ್ಲಿ ಮುಖ್ಯವಾದ ಸಂಗತಿ. ಬಲವಿಲ್ಲದ ತಂಡ ಮೇಲೇಳಲಿ ಎಂದು ಹೆಚ್ಚು ಸೋತವರಿಗೆ ಮೊದಲ ಅವಕಾಶ ಕೊಡುತ್ತಾರೆ. ಹಾಗೆ ಕೊಟ್ಟ ಕೂಡಲೇ ಇನ್ನೊಂದು ಕೇಡು ಹುಟ್ಟುತ್ತದೆ: ಒಳ್ಳೆಯ ಹುಡುಗನೊಬ್ಬ ಬರುವ ವರ್ಷ ಬೇಕೆಂದೇ ಸೋಲುವ ಆಸೆ. 1984ರವರೆಗೆ ಎರಡು ವಿಭಾಗಗಳ ಕಡೆಯ ತಂಡಗಳ ನಡುವೆ ನಾಣ್ಯ ಚಿಮ್ಮಿ ಮೊದಲ ಪಾಳಿಯನ್ನು ತೀರ್ಮಾನಿಸುತ್ತಿದ್ದರು. ಬೇಕೆಂದೇ ಸೋಲುವುದನ್ನು ತಡೆಯಲು 1985ರಲ್ಲಿ ಲಾಟರಿ ಬಂದಿತು. ಆ ವರ್ಷ ನ್ಯೂಯಾರ್ಕ್ ನಿಕ್ಸ್ ಗೆದ್ದು ಪ್ಯಾಟ್ರಿಕ್ ಯೂಯಿಂಗ್ ಅವರನ್ನು ಆರಿಸಿಕೊಂಡಿತು.

ಲಾಟರಿಯನ್ನು ಮಕ್ಕಳಿಗೆ ತೋರಿಸಲು ನಾನು ಒಮ್ಮೆ ಶಿಬಿರದಲ್ಲಿ 14 ಟೇಬಲ್ ಟೆನಿಸ್ ಚೆಂಡುಗಳ ಮೇಲೆ ಅಂಕಿ ಬರೆದು ಸ್ಟೀಲ್ ಕೊಡದಲ್ಲಿ ಹಾಕಿದ್ದೆ. ಅಲ್ಲಿಯೂ ಯಂತ್ರದಲ್ಲಿ 14 ಚೆಂಡುಗಳನ್ನೇ ಹಾಕಿ ನಾಲ್ಕನ್ನು ತೆಗೆಯುತ್ತಾರೆ. ತೆಗೆದ ಕ್ರಮವನ್ನು ಲೆಕ್ಕಿಸದಿದ್ದರೆ 1001 ಜೋಡಣೆಗಳಾಗುತ್ತವೆ, ಅವುಗಳಲ್ಲಿ 1000ವನ್ನು ಪ್ಲೇ-ಆಫ್ ತಲುಪದ 14 ತಂಡಗಳಿಗೆ ಹಂಚಿರುತ್ತಾರೆ. 2019ರಲ್ಲಿ ಜಾರಿಗೆ ಬಂದ ಹಂಚಿಕೆಯಲ್ಲಿ ಕಡೆಯ ಮೂರು ತಂಡಗಳಿಗೆ ತಲಾ 140, ಆ 14ರಲ್ಲಿ ಎಲ್ಲರಿಗಿಂತ ಮೇಲಿರುವ ತಂಡಕ್ಕೆ 5. ಒಬ್ಬ ಹುಡುಗ ಕಡೆಯ ತಂಡದವನಾಗಿ ತನ್ನ 140 ಜೋಡಣೆಗಳನ್ನು ನೋಟ್‌ಬುಕ್ಕಿನಲ್ಲಿ ಸಾಲಾಗಿ ಬರೆದುಕೊಂಡು ಕುಳಿತಿದ್ದ. ಪುಟ್ಟ ಹುಡುಗಿಯೊಬ್ಬಳು ಕೊಡದಲ್ಲಿ ಕೈಯಿಟ್ಟು 9, 2, 13, 6 ತೆಗೆದಳು. ಅವನು ಪುಟದ ಮೇಲೆ ಬೆರಳು ಜಾರಿಸುತ್ತ ಕೊನೆಯ ಸಾಲಿನವರೆಗೂ ಹುಡುಕಿ, “ಇಷ್ಟ್ ಬರಕೊಂಡ್ರೂ ನಮಗ ಬರಲಿಲ್ಲಲ್ರೀ ಸರ್” ಎಂದ. ಬೇಕೆಂದು ಸೋತರೂ ಫಲ ಖಚಿತವಿಲ್ಲ ಎಂಬುದು ಅವನಿಗೆ ಆಗ ತಿಳಿಯಿತು. 2025ರಲ್ಲಿ ಕೇವಲ 1.8 ಶೇಕಡ ಸಾಧ್ಯತೆಯಿದ್ದ ಡಲ್ಲಾಸ್ ಮ್ಯಾವರಿಕ್ಸ್ ಮೊದಲ ಪಾಳಿ ಗೆದ್ದು ಕೂಪರ್ ಫ್ಲಾಗ್ ಅವರನ್ನು ಪಡೆಯಿತು. ಲಾಟರಿ ತೀರ್ಮಾನಿಸುವುದು ಮೊದಲ ನಾಲ್ಕು ಸ್ಥಾನಗಳನ್ನು ಮಾತ್ರ. ಉಳಿದ ಸ್ಥಾನಗಳು ಸೋಲಿನ ಲೆಕ್ಕದಂತೆಯೇ ಹೋಗುತ್ತವೆ.

ಕ್ರಮಾಂಕವೇ ಯೋಗ್ಯತೆಯ ಅಳತೆ ಎಂದು ದಯವಿಟ್ಟು ತಿಳಿಯಬೇಡಿ. ಮೈಕೆಲ್ ಜೋರ್ಡನ್ 1984ರಲ್ಲಿ ಮೂರನೆಯವರು. 2014ರಲ್ಲಿ 41ನೆಯವರಾಗಿ ಆಯ್ಕೆಯಾದ ಸರ್ಬಿಯಾದ ನಿಕೋಲಾ ಯೋಕಿಚ್ ಮೂರು ಬಾರಿ ಲೀಗಿನ ಅತ್ಯುತ್ತಮ ಆಟಗಾರರೆನಿಸಿದರು.

ಇನ್ನು ತಮ್ಮ ಮಗನ ವಿಷಯ. ವಿದೇಶದ ಆಟಗಾರನು ಡ್ರಾಫ್ಟ್ ನಡೆಯುವ ವರ್ಷದೊಳಗೆ 19 ತುಂಬುವವನಾಗಿದ್ದರೆ ಲೀಗಿಗೆ ಬರೆದುಕೊಟ್ಟು ಹೆಸರು ಸೇರಿಸಬಹುದು. 22 ತುಂಬುವ ವರ್ಷ ತಾನಾಗಿಯೇ ಅರ್ಹನಾಗುತ್ತಾನೆ. ಭಾರತದಲ್ಲಿ ಹುಟ್ಟಿ ಬೆಳೆದು ಡ್ರಾಫ್ಟ್‌ನಲ್ಲಿ ಮೊದಲು ಆಯ್ಕೆಯಾದವರು ಪಂಜಾಬಿನ ರೈತ ಕುಟುಂಬದ ಸತ್ನಾಂ ಸಿಂಗ್ ಭಮರಾ. ಏಳು ಅಡಿಗೂ ಎತ್ತರದ ಅವರು ಹದಿಹರೆಯದಲ್ಲಿಯೇ ಫ್ಲಾರಿಡಾದ ಅಕಾಡೆಮಿಯೊಂದಕ್ಕೆ ಹೋಗಿ ಕಲಿತರು. 2015ರಲ್ಲಿ ಡಲ್ಲಾಸ್ ತಂಡವು ಅವರನ್ನು 52ನೆಯವರಾಗಿ ಆರಿಸಿತು, ಆದರೂ ಎನ್‌ಬಿಎ ಲೀಗ್ ಪಂದ್ಯವೊಂದರಲ್ಲಿಯೂ ಆಡುವ ಅವಕಾಶ ಅವರಿಗೆ ಸಿಗಲಿಲ್ಲ. ಆಯ್ಕೆಯಾದ ಮೇಲೂ ದಾರಿ ಎಷ್ಟು ದೂರವಿದೆ ಎಂದು ತಿಳಿದಿರಲಿ ಎಂದೇ ಇದನ್ನು ಬರೆದೆ, ಧೈರ್ಯಗೆಡಿಸಲು ಅಲ್ಲ.

ಆರು ಅಡಿ ಐದು ಇಂಚಿನ ಹುಡುಗನನ್ನು ನಮ್ಮ ಕಡೆಯ ತರಬೇತುದಾರರು ಎತ್ತರ ನೋಡಿ ಬುಟ್ಟಿಯ ಕೆಳಗೇ ನಿಲ್ಲಿಸಿಬಿಡುತ್ತಾರೆ. ಎನ್‌ಬಿಎಯಲ್ಲಿ ಆ ಎತ್ತರದವರು ಸಾಮಾನ್ಯವಾಗಿ ಗಾರ್ಡ್ ಸ್ಥಾನದಲ್ಲಿ, ಅಂದರೆ ಬುಟ್ಟಿಯಿಂದ ದೂರ ನಿಂತು ಚೆಂಡನ್ನು ಮುನ್ನಡೆಸುವ ಸ್ಥಾನದಲ್ಲಿ, ಆಡುವವರು. ಆದ್ದರಿಂದ ಎಡಗೈಯಿಂದಲೂ ಚೆಂಡು ಪುಟಿಸುತ್ತ ಓಡುವುದನ್ನು, ಮೂರು ಅಂಕದ ಗೆರೆಯ ಹೊರಗಿನಿಂದ ಬುಟ್ಟಿಗೆ ಹಾಕುವುದನ್ನು ಈಗಿನಿಂದಲೇ ದಿನವೂ ಅಭ್ಯಾಸ ಮಾಡಿಸಿ. ಅವನು ಸದ್ಯ ಯಾವ ಸ್ಥಾನದಲ್ಲಿ ಆಡುತ್ತಿದ್ದಾನೆಂದು ತಿಳಿಸಿದರೆ ಮುಂದಿನದನ್ನು ಬರೆಯುತ್ತೇನೆ.