ಅಡಿಕೆ ಗರಿ ಹಳದಿಯಾದರೆ ಪ್ರೊಫೈಲ್ ಯಾಕೆ ಬೇಕು?

"ಅಡಿಕೆ ಸಸಿ ಗರಿ ಹಳದಿಯಾಗಿದೆ, ಔಷಧಿ ಹೇಳಿ ಸಾಕು, ಪ್ರೊಫೈಲ್ ಯಾಕೆ ತುಂಬಬೇಕು" ಅಂತ ಕೇಳಿದ್ದೀರಿ. ಪ್ರೊಫೈಲ್ ಅಂದರೆ ನಿಮ್ಮ ಹೆಸರಿನ ಜೊತೆ ಕಾಣೋ ತೋಟದ ವಿವರ. ಅದು ಖಾಲಿ ಇದ್ದರೆ ಹೇಳುವ ಔಷಧಿ ಬರೀ ಊಹೆ ಆಗುತ್ತೆ ಸರ್.

ತೋಟ ಚನ್ನಗಿರಿ ಕಡೆ ಭದ್ರಾ ಕಾಲುವೆ ಕೆಳಗೆ, ಎರೆಮಣ್ಣಲ್ಲಿದ್ದರೆ ಮೊದಲ ಅನುಮಾನ ಬುಡದಲ್ಲಿ ನೀರು ನಿಲ್ಲೋದರ ಮೇಲೆ. ಬೇರಿಗೆ ಗಾಳಿಯೇ ಆಡದಿದ್ದರೆ ಎಷ್ಟು ಯೂರಿಯಾ ಸುರಿದರೂ ದಂಡ. ಮೊದಲು ಬಸಿಗಾಲುವೆ ತೆಗೀಬೇಕು. ಅದೇ ಹೊಸದುರ್ಗದ ಕೆಂಪು ಮಣ್ಣು, ಬೋರ್ ನೀರು ಅಂದರೆ ನೀರು ಸಾಲ್ತಿದೆಯಾ, ಅದರಲ್ಲಿ ಉಪ್ಪು ಎಷ್ಟಿದೆ ಅಂತ ನೋಡಬೇಕು. ಹಳದಿ ಒಂದೇ, ಕೆಲಸ ಬೇರೆ ಬೇರೆ.

ಹಾಗಾಗಿ ಪ್ರೊಫೈಲಲ್ಲಿ ತಾಲ್ಲೂಕು, ಮಣ್ಣು, ನೀರಿನ ಮೂಲ, ಡ್ರಿಪ್ಪೋ ಹಾಯಿಸೋದೋ, ಗಿಡದ ವಯಸ್ಸು, ಸಾಲಿನ ಅಂತರ ಬರೆಯಿರಿ. ಮಣ್ಣು ಪರೀಕ್ಷೆ ಮಾಡಿಸಿದ್ದರೆ ಪಿಎಚ್ (ಮಣ್ಣಿನ ಹುಳಿ-ಕ್ಷಾರದ ಅಳತೆ), ಇಸಿ (ಉಪ್ಪಿನಂಶದ ಅಳತೆ) ಎರಡನ್ನೂ ಹಾಕಿ. ಪಿಎಚ್ 8 ದಾಟಿದ್ದರೆ ಮಣ್ಣಲ್ಲಿ ಕಬ್ಬಿಣ, ಸತು ಇದ್ದರೂ ಗಿಡಕ್ಕೆ ಸರಿಯಾಗಿ ಸಿಗಲ್ಲ. ಆಗ ಎಳೆ ಗರಿ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣದ ಕೊರತೆ ಇರಬಹುದು. ಕೆಳಗಿನ ಹಳೇ ಗರಿ ಮೊದಲು ಪೂರ್ತಿ ಹಳದಿಯಾದರೆ ಸಾರಜನಕದ್ದು. ಅದಕ್ಕೇ ಎರಡೂ ಗರಿಯ ಫೋಟೋ ಬೇಕು. ಕೊನೇ ಸಲ ಯಾವ ಗೊಬ್ಬರ, ಎಷ್ಟು, ಯಾವಾಗ ಕೊಟ್ಟಿರಿ ಅನ್ನೋದನ್ನು ಮಾತ್ರ ಪ್ರಶ್ನೆಯಲ್ಲೇ ಬರೆಯಿರಿ, ಅದು ಬದಲಾಗ್ತಾ ಇರುತ್ತೆ.

ಫೋನ್ ನಂಬರ್, ಸರ್ವೆ ನಂಬರ್, ಪಹಣಿ, ಆಧಾರ್ ದಯವಿಟ್ಟು ಹಾಕಬೇಡಿ. ಗಿಡ ನೋಡೋಕೆ ಅವು ಬೇಕಿಲ್ಲ, ಔಷಧಿ ಮಾರೋರು ಫೋನ್ ಮಾಡಿ ತಲೆ ತಿಂತಾರೆ. ಊರ ಹೆಸರೂ ಬೇಡ, ಹೋಬಳಿ ಸಾಕು.