ಓದುಗರ ಪ್ರಶ್ನೆ, ನಮ್ಮ ಉತ್ತರ: ಹಳೆಯ ಪೇಟೆಯನ್ನು ಕೆಡವುವ ಮೊದಲು

ಪ್ರಶ್ನೆ: ಮಾನ್ಯರೇ, ಬಳ್ಳಾರಿಯ ಹಳೆಯ ಪೇಟೆಯಲ್ಲಿ ನಮ್ಮದು ಅಜ್ಜನ ಕಾಲದಿಂದ ನಡೆದು ಬಂದಿರುವ ಕಿರಾಣಿ ಅಂಗಡಿ. ನಮ್ಮ ಬೀದಿಯನ್ನೂ ಪಕ್ಕದ ಮಾರುಕಟ್ಟೆಯನ್ನೂ ತೆರವುಗೊಳಿಸಿ ಬಹುಮಹಡಿ ವಾಣಿಜ್ಯ ಸಂಕೀರ್ಣ, ನೆಲಮಾಳಿಗೆಯಲ್ಲಿ ವಾಹನ ನಿಲುಗಡೆ, ಅಗಲವಾದ ರಸ್ತೆ ಮಾಡುವ ಮಾತು ಕೇಳಿಬರುತ್ತಿದೆ. ಪೇಟೆ ಸುಧಾರಿಸುವುದಾದರೆ ನಮ್ಮ ತಕರಾರಿಲ್ಲ. ಆದರೆ ಧೂಳು, ನೀರು, ಕಲ್ಲುಮಣ್ಣಿನ ರಾಶಿ ಇವುಗಳ ಹೊರೆ ನಮ್ಮ ಮೇಲೆಯೇ ಬೀಳುತ್ತದೆ. ಇದನ್ನು ಕಡಿಮೆ ಮಾಡಲು ನಾವು ಯಾರನ್ನು, ಯಾವಾಗ, ಏನೆಂದು ಕೇಳಬೇಕು?
— ಒಬ್ಬ ವ್ಯಾಪಾರಿ, ಬಳ್ಳಾರಿ

ಉತ್ತರ: ‘ಯಾವಾಗ’ ಎಂಬುದರಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದೆಲ್ಲವೂ ಅದನ್ನೇ ಅವಲಂಬಿಸಿದೆ. ಟೆಂಡರ್ ಕರೆಯುವ ಮೊದಲೇ ಕೇಳಬೇಕು. ಧೂಳು ತಡೆಯುವ ಪರದೆ, ಕಲ್ಲು ಮತ್ತು ಮರಮುಟ್ಟನ್ನು ಬೇರ್ಪಡಿಸುವ ಕೂಲಿ, ಮರಗಳ ಸುತ್ತಲಿನ ಬೇಲಿ, ಟಿಪ್ಪರುಗಳ ಚಕ್ರ ತೊಳೆಯುವ ವ್ಯವಸ್ಥೆ ಇವೆಲ್ಲಕ್ಕೂ ಹಣ ಬೇಕು. ಟೆಂಡರಿನ ದರಪಟ್ಟಿಯಲ್ಲಿ ಇವುಗಳಿಗೆ ಪ್ರತ್ಯೇಕ ಬಾಬ್ತು ಇದ್ದರೆ ಗುತ್ತಿಗೆದಾರ ಮಾಡುತ್ತಾನೆ, ಮಾಡದಿದ್ದರೆ ಬಿಲ್ಲಿನಲ್ಲಿ ಹಣ ಹಿಡಿಯಬಹುದು. ಷರತ್ತುಗಳ ಪುಟದಲ್ಲಿ ‘ಪರಿಸರಕ್ಕೆ ಹಾನಿಯಾಗದಂತೆ ಕೆಲಸ ನಿರ್ವಹಿಸತಕ್ಕದ್ದು’ ಎಂಬ ಒಂದೇ ಸಾಲು ಇದ್ದರೆ ಆ ಸಾಲಿನಿಂದ ಒಂದು ಹಿಡಿ ಧೂಳೂ ತಗ್ಗುವುದಿಲ್ಲ. ಆದ್ದರಿಂದ ಪಾಲಿಕೆಗೂ ನಗರಾಭಿವೃದ್ಧಿ ಪ್ರಾಧಿಕಾರಕ್ಕೂ ನಿಮ್ಮ ವರ್ತಕರ ಸಂಘದಿಂದ ಈಗಲೇ ಲಿಖಿತ ಮನವಿ ಸಲ್ಲಿಸಿ, ಸ್ವೀಕೃತಿಯ ಮೊಹರು ಪಡೆದುಕೊಳ್ಳಿ.

ಸಾರ್ವಜನಿಕ ವಿಚಾರಣೆ ನಡೆಯುತ್ತದೆ, ಅಲ್ಲಿ ಹೇಳೋಣ ಎಂದು ಕಾಯಬೇಡಿ. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆಯ ಪ್ರಕಾರ 20,000 ಚದರ ಮೀಟರ್ ಮತ್ತು ಅದಕ್ಕಿಂತ ಹೆಚ್ಚು ನಿರ್ಮಿತ ವಿಸ್ತೀರ್ಣದ ಕಟ್ಟಡ ಯೋಜನೆಗಳಿಗೆ ಪೂರ್ವ ಪರಿಸರ ಅನುಮತಿ ಬೇಕು. ಆದರೆ ಕಟ್ಟಡ ಯೋಜನೆಗಳನ್ನು ಸಾರ್ವಜನಿಕ ವಿಚಾರಣೆಯಿಂದ ಹೊರಗಿಡಲಾಗಿದೆ. ಕೆಲಸವನ್ನು ಹಂತ ಹಂತವಾಗಿ ಹಂಚಿ ಟೆಂಡರ್ ಕರೆದರೂ ಇಡೀ ಯೋಜನೆಯ ಒಟ್ಟು ವಿಸ್ತೀರ್ಣ ಎಷ್ಟೆಂದು ಮೊದಲ ಮನವಿಯಲ್ಲಿಯೇ ಕೇಳಿ.

ಇನ್ನು ಏನನ್ನು ಕೇಳಬೇಕೆಂಬುದು. ನನ್ನ ಮಟ್ಟಿಗೆ ಮೊದಲ ಬೇಡಿಕೆ, ಕೆಡವದೆ ಉಳಿಸಬಹುದಾದ ಕಟ್ಟಡಗಳ ಪಟ್ಟಿ. ಒಂದು ಟನ್ ಸಾಮಾನ್ಯ ಸಿಮೆಂಟ್ ತಯಾರಾಗುವಾಗ ಮುಕ್ಕಾಲು ಟನ್ನಿನಷ್ಟಾದರೂ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಗಟ್ಟಿಮುಟ್ಟಾದ ಕಲ್ಲಿನ ಗೋಡೆಯ ಕಟ್ಟಡವನ್ನು ಕೆಡವಿ ಅಷ್ಟೇ ಜಾಗವನ್ನು ಕಾಂಕ್ರೀಟಿನಲ್ಲಿ ಕಟ್ಟುವುದೆಂದರೆ ಹಳೆಯದರ ಆಯುಷ್ಯವನ್ನೂ ಕಳೆದುಕೊಂಡು ಹೊಸದರ ಹೊಗೆಯನ್ನೂ ಹೊತ್ತುಕೊಂಡಂತೆ. ನಿಮ್ಮ ಪೇಟೆಯಲ್ಲಿ ದಪ್ಪ ಕಲ್ಲಿನ ಗೋಡೆಯ ಅಂಗಡಿಗಳು ಏಪ್ರಿಲ್ ಮಧ್ಯಾಹ್ನದಲ್ಲಿಯೂ ಒಳಗೆ ತಂಪಾಗಿರುವುದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಯಾವುದು ನಿಜಕ್ಕೂ ಶಿಥಿಲ, ಯಾವುದು ದುರಸ್ತಿಗೆ ಯೋಗ್ಯ ಎಂಬುದನ್ನು ರಚನಾ ಎಂಜಿನಿಯರ್ ಒಬ್ಬರು ಒಂದೊಂದಾಗಿ ಪರೀಕ್ಷಿಸಿ ಬರೆದುಕೊಡಲಿ. ಎಲ್ಲವನ್ನೂ ಒಟ್ಟಾಗಿ ‘ಹಳೆಯದು’ ಎಂದು ಷರಾ ಬರೆಯುವುದು ಪರೀಕ್ಷೆಯಲ್ಲ.

ಕೆಡವಲೇಬೇಕಾದ ಮನೆ, ಅಂಗಡಿಗಳನ್ನು ಹೇಗೆ ಕೆಡವುತ್ತಾರೆ ಎಂಬುದು ಎರಡನೆಯದು. ಮಣ್ಣಿನ ಮಾಳಿಗೆಯ ಮನೆಯನ್ನು ಬಲ್ಲ ಕೆಲಸಗಾರರು ಮೇಲಿನಿಂದ ಕೆಳಕ್ಕೆ ಬಿಚ್ಚುತ್ತಾರೆ. ಮೊದಲು ಮಾಳಿಗೆಯ ಮಣ್ಣಿಗೆ ನೀರು ಚಿಮುಕಿಸಿ ಅದನ್ನು ಬುಟ್ಟಿಯಲ್ಲಿ ಇಳಿಸುತ್ತಾರೆ, ಅನಂತರ ಹಲಗೆ, ಆಮೇಲೆ ಜಂತಿ, ಕೊನೆಗೆ ತೊಲೆ ಮತ್ತು ಕಂಬ. ನೆಲದ ಕಡಪ ಕಲ್ಲನ್ನು ಸಂದಿಗೆ ಹಾರೆ ಕೊಟ್ಟು ಅಂಚು ಒಡೆಯದಂತೆ ಎಬ್ಬಿಸುತ್ತಾರೆ. ಜೆಸಿಬಿಯ ಬಕೆಟ್ ಒಂದು ಬಾರಿ ಬಡಿದರೆ ಅದೇ ತೇಗದ ತೊಲೆ ಸೌದೆಯಾಗುತ್ತದೆ, ಕಡಪ ಕಲ್ಲು ಚೂರಾಗುತ್ತದೆ, ಮಾಳಿಗೆಯ ಒಣಮಣ್ಣೆಲ್ಲ ಒಮ್ಮೆಗೇ ಬೀದಿಗೆ ಹಾರುತ್ತದೆ. ಕೈಯಿಂದ ಬಿಚ್ಚಲು ಹೆಚ್ಚು ದಿನ ಹಿಡಿಯುತ್ತದೆ ನಿಜ, ಆದರೆ ಮರಮುಟ್ಟಿಗೂ ಕಲ್ಲಿಗೂ ಬೆಲೆ ಬರುತ್ತದೆ. ಗ್ರಾನೈಟ್ ಕಲ್ಲುಗಳನ್ನು ಹೊಸ ಕಟ್ಟಡದ ಅಡಿಪಾಯ, ಪಾದಚಾರಿ ಮಾರ್ಗದ ಅಂಚು, ತಡೆಗೋಡೆಗಳಲ್ಲಿ ಬಳಸಬೇಕೆಂದು ಟೆಂಡರಿನಲ್ಲಿಯೇ ಬರೆಸಿದರೆ ಕ್ವಾರಿಯಿಂದ ಅಷ್ಟು ಕಲ್ಲು ತರುವುದು ತಪ್ಪುತ್ತದೆ.

ಉಳಿದ ಕಾಂಕ್ರೀಟ್ ಮತ್ತು ಇಟ್ಟಿಗೆಯ ಚೂರು ರಾತ್ರೋರಾತ್ರಿ ಹಳ್ಳಕ್ಕೋ ಕೆರೆಯಂಗಳಕ್ಕೋ ಹೋಗಿ ಬೀಳುವುದು ನಮ್ಮ ಊರುಗಳ ದೊಡ್ಡ ಪಿಡುಗು. ಕಾಂಕ್ರೀಟ್, ಮಣ್ಣು, ಕಬ್ಬಿಣ-ಮರ-ಪ್ಲಾಸ್ಟಿಕ್, ಇಟ್ಟಿಗೆ-ಗಾರೆ ಎಂದು ನಾಲ್ಕು ಬಗೆಯಾಗಿ ತ್ಯಾಜ್ಯವನ್ನು ಬೇರ್ಪಡಿಸಬೇಕೆಂದು ಕಟ್ಟಡ ತ್ಯಾಜ್ಯ ನಿರ್ವಹಣೆಯ 2016ರ ನಿಯಮಗಳೇ ದೊಡ್ಡ ಯೋಜನೆಗಳಿಗೆ ವಿಧಿಸಿದ್ದವು. 2025ರಲ್ಲಿ ಪ್ರಕಟವಾಗಿ 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಮಾಡಿದ ಹೊಸ ನಿಯಮಗಳು, 20,000 ಚದರ ಮೀಟರಿಗೆ ಕಡಿಮೆಯಿಲ್ಲದ ಯೋಜನೆಗಳ ಮೇಲೆ ಮರುಬಳಕೆಯ ಹೊಣೆಯನ್ನೂ ಹೊರಿಸಿವೆ. ಒಡೆದ ಕಾಂಕ್ರೀಟನ್ನು ಜಲ್ಲಿಯಾಗಿ ಬಳಸಲು ಭಾರತೀಯ ಮಾನಕ 383ರ 2016ರ ಆವೃತ್ತಿ ಅನುಮತಿಸುತ್ತದೆ: ಕಬ್ಬಿಣ ಹಾಕಿದ ಕಾಂಕ್ರೀಟಿನಲ್ಲಿ ಎಂ-25 ಎಂಬ ಬಲದ ದರ್ಜೆಯವರೆಗೆ ಶೇಕಡಾ 20, ಕಬ್ಬಿಣವಿಲ್ಲದ ಕಾಂಕ್ರೀಟಿನಲ್ಲಿ ಶೇಕಡಾ 25, ತಳಹಾಸಿನ ಬಡ ಕಾಂಕ್ರೀಟಿನಲ್ಲಿ ಪೂರ್ತಿ. ಹಾಗಾಗಿ ‘ಇದನ್ನು ಏನು ಮಾಡುವುದು’ ಎಂಬ ಪ್ರಶ್ನೆಗೆ ಎಂಜಿನಿಯರುಗಳ ಪುಸ್ತಕದಲ್ಲಿಯೇ ಉತ್ತರವಿದೆ.

ಹೊಸ ಕಾಂಕ್ರೀಟಿನ ವಿಷಯದಲ್ಲಿ ನಮ್ಮ ಜಿಲ್ಲೆಗಿರುವಷ್ಟು ಅನುಕೂಲ ಬೇರೆ ಊರುಗಳಿಗೆ ಅಪರೂಪ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕಿಟ್ಟದಿಂದ ಸ್ಲ್ಯಾಗ್ ಸಿಮೆಂಟ್ ಆಗುತ್ತದೆ; ಕುಡತಿನಿಯ ಶಾಖೋತ್ಪನ್ನ ವಿದ್ಯುತ್ ಕೇಂದ್ರದಿಂದ ಹಾರುಬೂದಿ ಬರುತ್ತದೆ, ಅದರಿಂದ ಇಟ್ಟಿಗೆಯೂ ಆಗುತ್ತದೆ. ಸ್ಲ್ಯಾಗ್ ಸಿಮೆಂಟಿನಲ್ಲಿ ಸುಟ್ಟು ತಯಾರಿಸುವ ಕ್ಲಿಂಕರಿನ ಪಾಲು ಕಡಿಮೆಯಾದ್ದರಿಂದ ಹೊಗೆಯ ಲೆಕ್ಕವೂ ಇಳಿಯುತ್ತದೆ. ಅದು ಮೊದಲ ದಿನಗಳಲ್ಲಿ ನಿಧಾನವಾಗಿ ಬಲ ಪಡೆಯುವುದರಿಂದ ಸೆಂಟ್ರಿಂಗ್ ಬಿಚ್ಚುವುದು ತಡವಾಗುತ್ತದೆ, ಕ್ಯೂರಿಂಗ್, ಅಂದರೆ ಕಾಂಕ್ರೀಟಿಗೆ ನೀರುಣಿಸುವುದು, ಹೆಚ್ಚು ದಿನ ಬೇಕಾಗುತ್ತದೆ, ಇದೇ ಕಾರಣಕ್ಕೆ ಗುತ್ತಿಗೆದಾರರು ಹಿಂಜರಿಯುತ್ತಾರೆ. ಕಾಮಗಾರಿಯ ಅವಧಿ ನಿಗದಿ ಮಾಡುವಾಗಲೇ ಈ ದಿನಗಳನ್ನು ಲೆಕ್ಕಕ್ಕೆ ಹಿಡಿದರೆ ತಕರಾರು ಉಳಿಯುವುದಿಲ್ಲ.

ಧೂಳಿನ ಬಗ್ಗೆ ಬಳ್ಳಾರಿಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸುವವರೆಗೆ ಅದಿರಿನ ಲಾರಿಗಳು ಎಬ್ಬಿಸಿದ ಕೆಂಧೂಳನ್ನು ಉಂಡವರು ನಾವು. ಪೇಟೆಯ ಕೆಲಸದಲ್ಲಿ ಮುಖ್ಯವಾದದ್ದು ಕಾಲ. ಆಷಾಢದ ಗಾಳಿ ಬೀಸುವ ಜೂನ್‌ನಿಂದ ಆಗಸ್ಟ್‌ವರೆಗೆ ಕೆಡವುವ ಕೆಲಸ ಇಟ್ಟುಕೊಂಡರೆ ಎಷ್ಟು ನೀರು ಚಿಮುಕಿಸಿದರೂ ಸಾಲದು. ಮಳೆ ಹೆಚ್ಚಾಗಿ ಸುರಿಯುವ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಅಡಿಪಾಯ ಅಗೆದು ಮಣ್ಣು ರಾಶಿ ಹಾಕಿದರೆ ಅದೆಲ್ಲ ಕೊಚ್ಚಿ ಚರಂಡಿ ಸೇರುತ್ತದೆ. ಆದ್ದರಿಂದ ಕೆಡವುವ ಕೆಲಸವನ್ನು ನವೆಂಬರ್‌ನಿಂದ ಫೆಬ್ರವರಿಯೊಳಗೆ ಮುಗಿಸುವಂತೆ ಒತ್ತಾಯಿಸಿ. ಸುತ್ತಲೂ ಎತ್ತರದ ತಗಡಿನ ಅಥವಾ ಹಸಿರು ಬಲೆಯ ಮರೆ, ತಾಡಪತ್ರಿ ಹೊದಿಸಿದ ಟಿಪ್ಪರ್, ಟೈಲ್ಸ್ ಮತ್ತು ಕಲ್ಲನ್ನು ಕೊಯ್ಯುವಾಗ ನೀರಿನ ಧಾರೆ ಇವು ಕಡ್ಡಾಯವಾಗಿರಲಿ. ಚಿಮುಕಿಸಲು ಕುಡಿಯುವ ನೀರು ಬೇಡ. ತುಂಗಭದ್ರೆಯ ಕಾಲುವೆ ನೀರನ್ನು ಅಲ್ಲೀಪುರ, ಮೋಕಾಗಳಲ್ಲಿ ಕೂಡಿಟ್ಟುಕೊಂಡು ಬೇಸಿಗೆ ಕಳೆಯುವ ನಗರ ನಮ್ಮದು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ನಮ್ಮ ಎದೆ ಹೊಡೆದುಕೊಂಡದ್ದು ನೆನಪಿರಬಹುದು. ಶುದ್ಧೀಕರಿಸಿದ ಚರಂಡಿ ನೀರು ಧೂಳಿಗೆ ಸಾಕು.

ನೆಲಮಾಳಿಗೆಯ ಮಾತು ಬಂದಿರುವುದರಿಂದ ಒಂದು ಎಚ್ಚರಿಕೆ ಹೇಳಬೇಕು. ಗುಡ್ಡದ ಸುತ್ತಮುತ್ತ ಅನೇಕ ಕಡೆ ಸ್ವಲ್ಪ ಅಗೆದರೆ ಬಂಡೆ ಸಿಗುತ್ತದೆ. ಬಂಡೆ ಒಡೆಯುವ ಸದ್ದು ಮತ್ತು ಅದುರುವಿಕೆಯಿಂದ ಅಕ್ಕಪಕ್ಕದ ಹಳೆಯ ಗೋಡೆಗಳಿಗೆ ಬಿರುಕು ಬರಬಹುದು, ಸಂದಿನ ನೀರನ್ನು ತಿಂಗಳುಗಟ್ಟಲೆ ಪಂಪ್ ಮಾಡಿ ಹೊರಹಾಕಬೇಕಾಗಬಹುದು. ನೆಲದ ಮೇಲೆಯೇ ಮಹಡಿ ನಿಲುಗಡೆ ಸಾಧ್ಯವಿದ್ದರೆ ಅದೇ ಲೇಸು. ನೆಲಮಾಳಿಗೆಯೇ ಬೇಕೆಂದರೆ ಸುತ್ತಲಿನ ಕಟ್ಟಡಗಳ ಗೋಡೆಗಳನ್ನು ಮೊದಲೇ ಚಿತ್ರೀಕರಿಸಿ ದಾಖಲಿಸಲು ಹೇಳಿ.

ಪ್ರಶ್ನೆ: ರಸ್ತೆ ಅಗಲಗೊಳಿಸಲು ನಮ್ಮ ಬೀದಿಯ ಬೇವಿನ ಮರಗಳನ್ನು ಕಡಿದು, ಒಂದಕ್ಕೆ ಹತ್ತರಂತೆ ಸಸಿ ನೆಡುತ್ತೇವೆ ಎನ್ನುತ್ತಿದ್ದಾರೆ. ಒಪ್ಪಬಹುದೇ?
— ನಿವೃತ್ತ ಶಿಕ್ಷಕಿ, ಬಳ್ಳಾರಿ

ಉತ್ತರ: ತಾಯಿ, ಸುಲಭವಾಗಿ ಒಪ್ಪಬೇಡಿ. ಸಸಿ ಬೇರೆ ಕಡೆ ನೆಟ್ಟರೆ ನಿಮ್ಮ ಬೀದಿಯ ನೆರಳು ಹೋಗಿಯೇ ಹೋಯಿತು; ನಲವತ್ತು ಡಿಗ್ರಿ ದಾಟುವ ಊರಿನಲ್ಲಿ ನೆರಳು ಅಲಂಕಾರವಲ್ಲ. ಮೂರು ಬೇಸಿಗೆಯಾದರೂ ನೀರುಣಿಸದಿದ್ದರೆ ಇಲ್ಲಿ ಸಸಿ ಬದುಕುವುದು ಕಷ್ಟ, ಆ ನೀರಿನ ಖರ್ಚು ಯಾವ ಲೆಕ್ಕದಲ್ಲಿದೆ ಎಂದು ಕೇಳಿ. 1976ರ ಕರ್ನಾಟಕ ಮರಗಳ ಸಂರಕ್ಷಣಾ ಅಧಿನಿಯಮದಂತೆ ಮರ ಕಡಿಯಲು ಅರಣ್ಯ ಇಲಾಖೆಯ ಮರ ಅಧಿಕಾರಿಯ ಅನುಮತಿ ಬೇಕು. ರಸ್ತೆ ಅಗಲೀಕರಣದಂಥ ಕೆಲಸಕ್ಕೆ 50ಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ಮೊದಲು ಪ್ರಕಟಣೆ ನೀಡಿ ಸಾರ್ವಜನಿಕರ ಆಕ್ಷೇಪಣೆ ಆಹ್ವಾನಿಸಬೇಕು. ಪಟ್ಟಿಯನ್ನು ಬೀದಿವಾರು ಹರಿದು ಹಂಚಿ 50ರೊಳಗೆ ತೋರಿಸಿದ್ದಾರೆಯೇ ಎಂದು ನೋಡಿಕೊಳ್ಳಿ.

ಉಳಿಸಲು ಒಪ್ಪಿದ ಮರವೂ ಬೇರು ಕತ್ತರಿಸಿಕೊಂಡು ಎರಡು ವರ್ಷದಲ್ಲಿ ಒಣಗುವುದುಂಟು. ಕಾಂಡದ ಅಡ್ಡಳತೆಯ ಹನ್ನೆರಡು ಪಟ್ಟು ದೂರದವರೆಗೆ, ಅಂದರೆ ಅರ್ಧ ಮೀಟರ್ ದಪ್ಪದ ಬೇವಿಗೆ ಸುತ್ತ ಆರು ಮೀಟರ್ ತನಕ, ಅಗೆಯದೆ ಬಿಡುವುದು ತಜ್ಞರು ಅನುಸರಿಸುವ ಅಳತೆ. ಪೇಟೆಯ ಬೀದಿಯಲ್ಲಿ ಅಷ್ಟು ಜಾಗ ಸಿಗದಿದ್ದರೆ ಚರಂಡಿಯ ದಾರಿಯನ್ನು ಬಾಗಿಸುವುದು, ಬೇರಿನ ಬಳಿ ಯಂತ್ರ ಬಿಟ್ಟು ಕೈಯಿಂದ ಅಗೆಯುವುದು, ಬುಡಕ್ಕೆ ಕಾಂಕ್ರೀಟ್ ಬಳಿಯದಿರುವುದು ಇಷ್ಟನ್ನಾದರೂ ಮಾಡಬಹುದು. ಇದಕ್ಕೆ ಹೆಚ್ಚಿನ ವೆಚ್ಚವಿಲ್ಲ, ಮೇಲ್ವಿಚಾರಕ ಸ್ಥಳದಲ್ಲಿ ನಿಂತಿರಬೇಕು ಅಷ್ಟೆ.

ಪ್ರಶ್ನೆ: ಹೊಸ ಸಂಕೀರ್ಣದ ಮಳೆನೀರಿಗೆ ಇಂಗುಗುಂಡಿ ಮಾಡಿದರೆ ಸಾಕಲ್ಲವೇ? ನಮ್ಮ ಕಾಲೇಜಿನಲ್ಲಿ ಮಾಡಿದ ಗುಂಡಿಯಲ್ಲಿ ನೀರು ವಾರಗಟ್ಟಲೆ ನಿಂತು ಸೊಳ್ಳೆಯಾಯಿತು.
— ಎಂಜಿನಿಯರಿಂಗ್ ವಿದ್ಯಾರ್ಥಿ, ಬಳ್ಳಾರಿ

ಉತ್ತರ: ಎರೆಮಣ್ಣಿನಲ್ಲಿ ತೋಡಿದ ಗುಂಡಿ ಹಾಗೆಯೇ ಆಗುತ್ತದೆ. ಎರೆ ನೆನೆದ ಕೂಡಲೇ ಉಬ್ಬಿ ತನ್ನ ಬಿರುಕುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ, ನೀರು ಕೆಳಗಿಳಿಯುವುದಿಲ್ಲ. ಎರೆಯ ಪದರವನ್ನು ದಾಟಿ ಕೆಳಗಿನ ಗರಸಿಗೋ ಶಿಥಿಲ ಶಿಲೆಗೋ ಮುಟ್ಟುವಂತೆ ತೋಡಬೇಕು. ಗುಂಡಿಗೆ ನೀರು ತುಂಬಿ ಒಂದು ಗಂಟೆಯಲ್ಲಿ ಎಷ್ಟು ಇಳಿಯಿತೆಂದು ಕೋಲಿನಲ್ಲಿ ಅಳೆದು ನೋಡಿದ ಮೇಲೆಯೇ ಜಾಗ ಗೊತ್ತುಮಾಡಿ. ಇಳಿಯದಿದ್ದರೆ ಇಂಗಿಸುವ ಆಸೆ ಬಿಟ್ಟು ತೊಟ್ಟಿ ಕಟ್ಟಿ. ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆ ಎಂದು ಹಿಡಿದರೂ 2,000 ಚದರ ಮೀಟರ್ ಛಾವಣಿಯ ಮೇಲೆ 10 ಲಕ್ಷ ಲೀಟರ್ ಬೀಳುತ್ತದೆ. ಐದರಲ್ಲಿ ನಾಲ್ಕು ಪಾಲು ಹಿಡಿದಿಟ್ಟರೆ 8 ಲಕ್ಷ ಲೀಟರ್. ಶೌಚಾಲಯ, ಗಿಡಗಳಿಗೆ ಬಳಸಿದರೆ ಅಷ್ಟು ಟ್ಯಾಂಕರ್ ನೀರು ಉಳಿಯಿತು. ವಾಹನ ನಿಲುಗಡೆಯ ನೆಲದಿಂದ ಹರಿಯುವ ಎಣ್ಣೆ ಬೆರೆತ ನೀರನ್ನು ಮಾತ್ರ ಇಂಗುಗುಂಡಿಗೆ ಬಿಡಬಾರದು.

ಪ್ರಶ್ನೆ: ಪಕ್ಕದಲ್ಲಿ ಹಳೆಯ ಸಿಮೆಂಟ್ ಶೀಟಿನ ಷೆಡ್ಡುಗಳನ್ನು ಸುತ್ತಿಗೆಯಿಂದ ಒಡೆಯುತ್ತಿದ್ದಾರೆ. ಮನೆಯಲ್ಲಿ ಉಬ್ಬಸದ ಅತ್ತೆಯವರಿದ್ದಾರೆ. ಯಾರಿಗೆ ಹೇಳಬೇಕು?
— ಗೃಹಿಣಿ, ಬಳ್ಳಾರಿ

ಉತ್ತರ: ಇಂದೇ ನಿಲ್ಲಿಸಬೇಕಾದ ಕೆಲಸವಿದು. ಹಳೆಯ ಸಿಮೆಂಟ್ ಶೀಟುಗಳಲ್ಲಿ ಹೆಚ್ಚಾಗಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ. ಒಡೆದರೆ ಕಣ್ಣಿಗೆ ಕಾಣದ ಎಳೆಗಳು ಗಾಳಿಗೆ ಬಂದು ಶ್ವಾಸಕೋಶ ಸೇರುತ್ತವೆ, ಅವುಗಳಿಂದ ಕ್ಯಾನ್ಸರ್ ಬರುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಅತ್ತೆಯವರಿಗಿಂತಲೂ ಹೆಚ್ಚಿನ ಅಪಾಯ ಸುತ್ತಿಗೆ ಹಿಡಿದ ಕೂಲಿಕಾರರಿಗಿದೆ, ದಯವಿಟ್ಟು ಅವರಿಗೂ ತಿಳಿಸಿ. ಶೀಟನ್ನು ನೀರಿನಿಂದ ತೋಯಿಸಿ, ಬೋಲ್ಟ್ ಬಿಚ್ಚಿ ಇಡಿಯಾಗಿ ಇಳಿಸಬೇಕು. ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬೇರೆಯಾಗಿ ಸಾಗಿಸಬೇಕು, ಇತರ ಕಲ್ಲುಮಣ್ಣಿನ ಜೊತೆ ಬೆರೆಸಬಾರದು. ಕೆಲಸ ಮುಗಿಯುವ ತನಕ ಆ ಕಡೆಯ ಕಿಟಕಿ ಮುಚ್ಚಿ, ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ.

ದಿನಾಂಕ ಕಾಣುವ ಫೋಟೋ ಸಹಿತ ಪಾಲಿಕೆಯ ಆಯುಕ್ತರಿಗೂ ಬಳ್ಳಾರಿಯಲ್ಲಿರುವ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೂ ಒಂದೇ ದಿನ ದೂರು ಕೊಡಿ. ಯೋಜನೆಗೆ ಪರಿಸರ ಅನುಮತಿ ಇದ್ದರೆ ಅದರ ಷರತ್ತುಗಳ ಪಾಲನೆಯ ವರದಿಯನ್ನು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಸಲ್ಲಿಸಬೇಕಾಗುತ್ತದೆ. ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಆ ವರದಿಯ ಪ್ರತಿ, ತ್ಯಾಜ್ಯ ಎಲ್ಲಿಗೆ ಹೋಯಿತೆಂಬ ಟಿಪ್ಪರುಗಳ ದಾಖಲೆ ಮತ್ತು ಶೀಟುಗಳನ್ನು ಪಡೆದುಕೊಂಡವರ ರಸೀದಿ ಈ ಮೂರನ್ನು ಬೇರೆ ಬೇರೆಯಾಗಿ ಕೇಳಿ. 30 ದಿನದೊಳಗೆ ಉತ್ತರ ಬರಬೇಕು, ಬಾರದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಸಲ್ಲಿಸಿ.