‘ಟಾಲೋಸ್ ಪ್ರಿನ್ಸಿಪಲ್’ನಲ್ಲಿ ಟರ್ಮಿನಲ್ ಓದದೆ ಬರೀ ಪಜಲ್ ಬಿಡಿಸಿದರೆ ಸಾಲದೇ?

ನೀವು ಕೇಳಿದ್ದು ಎರಡು. ‘ದಿ ಟಾಲೋಸ್ ಪ್ರಿನ್ಸಿಪಲ್’ ಎಂಬ ಪಜಲ್ ಬಿಡಿಸುವ ಕಂಪ್ಯೂಟರ್ ಆಟದಲ್ಲಿ ಅಲ್ಲಲ್ಲಿ ಎದುರಾಗುವ ಕಂಪ್ಯೂಟರ್ ಟರ್ಮಿನಲ್‌ಗಳನ್ನು ಓದದೆ ಬಿಟ್ಟರೆ ನಷ್ಟ ಉಂಟೇ ಎಂಬುದು ಒಂದು. ನಾವು ಮಾಡಿದ್ದನ್ನು ದಾಖಲಿಸುವ ರೆಕಾರ್ಡರ್ ಎಂಬ ಸಲಕರಣೆ ಬಂದ ಮೇಲೆ ತಲೆ ಕೆಟ್ಟು ಆಟ ನಿಲ್ಲಿಸಿದ್ದೇನೆ, ಯೂಟ್ಯೂಬ್ ನೋಡಿ ಮುಂದೆ ಹೋಗಲೇ ಎಂಬುದು ಇನ್ನೊಂದು.

ಎರಡನೆಯದನ್ನೇ ಮೊದಲು ಹೇಳುತ್ತೇನೆ. ನೋಡಬೇಡಿ. ಆ ಪಜಲ್ ಬಿಟ್ಟು ಹೊರಗೆ ಬನ್ನಿ. ಪ್ರತಿ ಪಜಲ್‌ನ ಎದುರಿನ ಫಲಕದಲ್ಲಿ ಒಳಗೆ ಸಿಗುವ ತುಂಡಿನ ಆಕಾರ, ಬಣ್ಣ ಬರೆದಿರುತ್ತದೆ. ಹಸಿರು ಸುಲಭದ್ದು, ಹಳದಿ ಅದಕ್ಕಿಂತ ಒಂದು ಕೈ ಮೇಲೆ, ಕೆಂಪು ಕಷ್ಟದ್ದು. ಬಾಕಿ ಇರುವ ಹಸಿರು ಹುಡುಕಿಕೊಂಡು ಹೋಗಿ. ಹೆಚ್ಚುವರಿಯಾಗಿ ಹುಡುಕಿ ಪಡೆಯುವ ನಕ್ಷತ್ರಗಳಿಗೆ ಬೇಕಾದರೆ ವಿಡಿಯೋ ನೋಡಿ, ನಾನೇನೂ ಹೇಳುವುದಿಲ್ಲ. ಒಟ್ಟು 30 ಇವೆ, ಕೆಲವನ್ನು ಅಡಗಿಸಿಟ್ಟ ರೀತಿ ಬರೀ ಉಪದ್ರ.

ರೆಕಾರ್ಡರ್‌ನಲ್ಲಿ ನಾನು ಎಡವಿದ ಜಾಗ ಹೇಳುತ್ತೇನೆ, ನಿಮ್ಮದೂ ಅದೇ ಇರಬಹುದು. ಒಮ್ಮೆ ಒತ್ತಿದರೆ ನೀವು ಮಾಡಿದ್ದೆಲ್ಲ ದಾಖಲಾಗುತ್ತದೆ. ಮತ್ತೆ ಒತ್ತಿದರೆ ನಿಮ್ಮದೇ ಒಂದು ನೆರಳು ಎದ್ದು ಬಂದು ಅದನ್ನೇ ಮೊದಲಿನಿಂದ ಮಾಡುತ್ತದೆ. ಆ ನೆರಳು ನೆಲದಲ್ಲಿರುವ ಒತ್ತುಗುಂಡಿ ತುಳಿದರೆ ಬಾಗಿಲು ನಿಜವಾಗಿಯೇ ತೆರೆಯುತ್ತದೆ. ನಾನು ಗುಂಡಿಯ ಮೇಲೆ ನಿಂತು ಹತ್ತು ಎಣಿಸಿ ಇಳಿದೆ. ಆಮೇಲೆ ನೆರಳನ್ನು ಬಿಟ್ಟು ಬಾಗಿಲ ಕಡೆ ಓಡಿದೆ. ಇನ್ನು ಎರಡು ಹೆಜ್ಜೆ ಇರುವಾಗ ಬೆಳಕಿನ ಪರದೆ ಮುಖಕ್ಕೇ ಮುಚ್ಚಿತು. ತಿರುಗಿ ನೋಡಿದರೆ ಆ ಮಹಾರಾಯ, ಅಂದರೆ ನಾನೇ, ಕೆಲಸ ಮುಗಿಸಿದವನ ಹಾಗೆ ಆರಾಮವಾಗಿ ನಡೆದು ಹೋಗುತ್ತಿದ್ದ. ಅಷ್ಟು ಸಿಟ್ಟು ನನಗೆ ಬೇರೆ ಯಾರ ಮೇಲೂ ಬಂದದ್ದಿಲ್ಲ.

ಬೇಸಗೆಯಲ್ಲಿ ಅಡಿಕೆ ತೋಟಕ್ಕೆ ಒಬ್ಬನೇ ನೀರು ಬಿಡುವವರಿಗೆ ಇದು ಬೇಗ ಅರ್ಥವಾದೀತು. ಮೇಲಿನ ಗಡಿಯ ವಾಲ್ವ್ ತೆರೆದು ಬಂದೇ ಕೆಳಗಿನದನ್ನು ಮುಚ್ಚಬೇಕು, ತಿರುಗಾಮುರುಗಾ ಆದರೆ ಪೈಪು ಕಿತ್ತು ಹಾರುತ್ತದೆ. ಕೈ ಕೆಲಸ ಮಾಡುವಾಗಲೇ ಮುಂದಿನ ಓಟದ ಹೊತ್ತು ತಲೆಯಲ್ಲಿ ಇರಬೇಕು. ಇಲ್ಲಿಯೂ ರೆಕಾರ್ಡ್ ಮಾಡುವಾಗ ಇನ್ನೂ ಬಾರದವನೊಬ್ಬ ಪಕ್ಕದಲ್ಲಿ ನಡೆಯುತ್ತಿದ್ದಾನೆ ಎಂದುಕೊಂಡು ನಿಲ್ಲಿ. ನಾನೀಗ ಗುಂಡಿ ಮೇಲೆ ಐವತ್ತು ಎಣಿಸುತ್ತೇನೆ. ಅಷ್ಟು ಹೊತ್ತು ಬೇಸರವೇ, ಆದರೆ ಬಾಗಿಲು ಮುಚ್ಚುವುದಿಲ್ಲ.

ತಲೆ ತಿರುಗುತ್ತಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಅದಕ್ಕೆಂದೇ ಆಯ್ಕೆಗಳಿವೆ. ಹಿಂದಿನಿಂದ ನೋಡುವ ನೋಟಕ್ಕೂ ಬದಲಿಸಿಕೊಳ್ಳಬಹುದು.

ಇನ್ನು ಟರ್ಮಿನಲ್ ವಿಷಯ. ನಾನೂ ಮೊದಲು ಎಸ್ಕೇಪ್ ಒತ್ತಿಕೊಂಡೇ ಹೋದವನು. ಕಾಸರಗೋಡಿನ ಪೆರ್ಲದ ಹತ್ತಿರ ಮನೆ, ಹತ್ತನೆಯವರೆಗೆ ಕನ್ನಡ ಮೀಡಿಯಂ, ಇಂಗ್ಲಿಷ್ ಓದುವುದು ನಿಧಾನ. ಇದನ್ನು ಮಾಡಿದ ಕ್ರೊಟೀಮ್ ಎಂಬ ಕ್ರೊಯೇಷಿಯಾದ ಕಂಪನಿ ಅದಕ್ಕೆ ಮೊದಲು ‘ಸೀರಿಯಸ್ ಸ್ಯಾಮ್’ ಎಂಬ ಢಂ ಢಂ ಗುಂಡು ಹಾರಿಸುವ ಆಟ ಮಾಡಿಕೊಂಡಿತ್ತು. ಅವರು 2014ರಲ್ಲಿ ತಂದ ಆಟದಲ್ಲಿ ವೇದಾಂತ ಎಷ್ಟಿದ್ದೀತು, ಮೇಲೆ ಮೇಲೆ ಬಳಿದದ್ದು ಎಂದುಕೊಂಡಿದ್ದೆ.

ಮಳೆಗಾಲದ ಆಟಿ ತಿಂಗಳ ಒಂದು ಸಂಜೆ ಕರೆಂಟು ಹೋಗಿ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತಿತ್ತು. ಬದಿಯಡ್ಕದಿಂದ ಬಂದಿದ್ದ ಸೋದರಮಾವ ಚಾ ಹಿಡಿದು ಹಿಂದೆ ನಿಂತರು. ಅವರು ತಾಳಮದ್ದಳೆಯಲ್ಲಿ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಪಾತ್ರವಾಗಿ ಅರ್ಥ ಹೇಳುವವರು.

“ಯಾರ ಹತ್ತಿರ ಜಗಳ ಅದು?”

“ಜಗಳ ಅಲ್ಲ ಮಾವ. ಇವ ಮಿಲ್ಟನ್ ಅಂತ, ಕಂಪ್ಯೂಟರಿನ ಒಳಗಿನವ. ವ್ಯಕ್ತಿ ಅಂದರೆ ಯಾರು ಅಂತ ಕೇಳ್ತಾ ಇದ್ದಾನೆ. ಈ ಆಟದಲ್ಲಿ ನಾನು ಯಂತ್ರದ ಮನುಷ್ಯ.”

“ನೀನು ಎಂತ ಹೇಳಿದೆ?”

“ಯೋಚನೆ ಮಾಡಲಿಕ್ಕೆ ಆಗುವವ ವ್ಯಕ್ತಿ ಅಂತ. ಮೊನ್ನೆ ಬೇರೆ ಎಂತದೋ ಹೇಳಿದ್ದೆ. ಈಗ ಅದನ್ನು ಎತ್ತಿ ತೋರಿಸಿ, ಎರಡರಲ್ಲಿ ಯಾವುದು ನಿಂದು ಅಂತಾನೆ.”

ಮಾವ ಚಾ ಕೆಳಗಿಟ್ಟರು. “ಇದು ವಾಲಿಯ ಅರ್ಥ ಮಾರಾಯ!”

ಕುಂಬಳೆ ಸೀಮೆಯಲ್ಲಿ ಬೆಳೆದವರಿಗೆ ವಾಲಿವಧೆ ಹೊಸತಲ್ಲ. ಆದರೂ ಹೇಳುತ್ತೇನೆ. ಮರೆಯಿಂದ ಬಾಣ ಬಿಟ್ಟದ್ದು ಯಾಕೆ ಎಂದು ಬಿದ್ದ ವಾಲಿ ಕೇಳುತ್ತಾನೆ. ರಾಮ ಕೊಡುವ ಕಾರಣಗಳಲ್ಲಿ ಎರಡು ಹೀಗಿವೆ: ತಮ್ಮನ ಹೆಂಡತಿಯನ್ನು ಇಟ್ಟುಕೊಂಡೆ, ಅದು ಅಧರ್ಮ. ಮತ್ತೆ, ನೀನು ಕಪಿ, ಮೃಗವನ್ನು ಮರೆಯಲ್ಲಿ ನಿಂತು ಹೊಡೆಯುವುದು ರಾಜನಿಗೆ ಸಲ್ಲುತ್ತದೆ. ಪಳಗಿದ ಅರ್ಥಧಾರಿ ಹಿಡಿಯುವುದು ಇಲ್ಲೇ. ನಾನು ಮೃಗವಾದರೆ ಮನುಷ್ಯರ ಧರ್ಮ ನನಗೆ ಯಾಕೆ ಹೇಳುತ್ತೀ? ಧರ್ಮ ನನಗೂ ಉಂಟಾದರೆ ಇದು ಬೇಟೆ ಹೇಗಾಯಿತು? ಮಿಲ್ಟನ್ ಮಾಡುವುದೂ ಇದನ್ನೇ. ಅವನ ಹತ್ತಿರ ಸ್ವಂತ ಸಿದ್ಧಾಂತ ಅಷ್ಟಾಗಿ ಇಲ್ಲ, ನೀವು ಆಡಿದ ಮಾತನ್ನು ಇಟ್ಟುಕೊಂಡು ನಿಮ್ಮನ್ನೇ ಕಟ್ಟಿಹಾಕುತ್ತಾನೆ.

ನನ್ನದೊಂದು ತಕರಾರು ಇತ್ತು, ಮಾವನ ಹತ್ತಿರ ಹೇಳಿದೆ. ಇದರಲ್ಲಿ ನಮ್ಮ ಉತ್ತರ ನಾವು ಬರೆಯಲಿಕ್ಕಿಲ್ಲ. ಮೂರೋ ನಾಲ್ಕೋ ಸಾಲು ಕೊಡುತ್ತಾನೆ, ಅದರಲ್ಲೇ ಒಂದನ್ನು ಆರಿಸಬೇಕು. ಎಷ್ಟೋ ಸಲ ನನ್ನ ಮನಸ್ಸಿನ ಮಾತು ಅದರಲ್ಲಿ ಇರುವುದೇ ಇಲ್ಲ. ಬಾಯಿಗೆ ತುತ್ತಿಟ್ಟವನೂ ಅವನೇ, ಎಂಜಲು ನಿನ್ನದು ಅನ್ನುವವನೂ ಅವನೇ. ಇದು ನ್ಯಾಯವಾ?

“ನಮಗೆ ಮತ್ತೆ? ಪದ್ಯ ಭಾಗವತರದ್ದು. ವಾಲಿ ಸಾಯಲೇಬೇಕು, ಗೆದ್ದು ಮನೆಗೆ ಹೋಗಲಿಕ್ಕೆ ಆಗ್ತದಾ? ಅಷ್ಟರ ಒಳಗೆ ನಿನ್ನ ಮಾತು ನಿಲ್ಲಿಸು ನೋಡುವ.”

ಅದರ ನಂತರ ನಾನು ಆಡುವ ರೀತಿ ಬದಲಾಯಿತು. ಜಾಣತನದ್ದಾಗಿ ಕಾಣುವ ಸಾಲನ್ನು ಆರಿಸುವುದು ಬಿಟ್ಟೆ. ನಾಳೆ ಇವನು ಇದನ್ನೇ ತಿರುಗಿಸಿ ಹೊಡೆದರೆ ಎದುರು ನಿಲ್ಲಲು ಆದೀತಾ ಎಂದು ನೋಡಿ ಒತ್ತುತ್ತಿದ್ದೆ. ಎರಡು ಸಲ ಸೋತೆ. ಒಂದು ಸಲ ಸೋತೆ ಎಂದು ಒಪ್ಪುವ ಸಾಲೇ ಇತ್ತು, ಅದನ್ನೇ ಆರಿಸಿದೆ. ಇಂಗ್ಲಿಷ್ ಕೂಡ ಅಷ್ಟೇನೂ ತೊಡಕಾಗಲಿಲ್ಲ. ವಾದ ತಲೆಗೆ ಹತ್ತಿದ ಮೇಲೆ ಪದ ಗೊತ್ತಿಲ್ಲದಿದ್ದರೂ ಅವನು ಯಾವ ಕಡೆ ತಳ್ಳುತ್ತಿದ್ದಾನೆ ಎಂದು ತಿಳಿಯುತ್ತದೆ.

ಹಾಗಾಗಿ ಟರ್ಮಿನಲ್‌ನಲ್ಲಿ ಇರುವ ಹರಕು ಕಡತಗಳನ್ನು ಬೇಕಾದರೆ ಹಾರಿಸಿ. ಹಳೆಯ ಪುಸ್ತಕಗಳ ತುಂಡು, ಯಾರ್ಯಾರದೋ ಇಮೇಲು, ಕೆಲವು ಚಂದ ಉಂಟು, ಕೆಲವು ನಿದ್ದೆ ಬರಿಸುತ್ತವೆ. ಅಲೆಕ್ಸಾಂಡ್ರಾ ಡ್ರೆನನ್ ಎಂಬಾಕೆಯ ದನಿಮುದ್ರಿಕೆ ಸಿಕ್ಕಿದಲ್ಲಿ ನಿಂತು ಕೇಳಿ, ಕತೆ ಇರುವುದು ಅಲ್ಲಿ. ಮಿಲ್ಟನ್‌ನನ್ನು ಮಾತ್ರ ಹಾರಿಸಬೇಡಿ.

ಯಾಕೆಂದರೆ ಆಕಾಶದಿಂದ ದೇವರ ಹಾಗೆ ಮಾತಾಡುವ ಎಲೋಹಿಂ, ಆಟದಲ್ಲಿ ಕಾಣುವ ದೊಡ್ಡ ಗೋಪುರದ ತಂಟೆಗೆ ಹೋಗಬೇಡ ಎಂದು ಮೊದಲೇ ಹೇಳಿದ್ದಾನಲ್ಲ. ಹತ್ತುವುದೋ ಬಿಡುವುದೋ ಕೊನೆಗೆ ನಿಮಗೇ ಬಿಟ್ಟದ್ದು. ಅದಕ್ಕೊಂದು ಸ್ವಂತ ಕಾರಣ ಬೇಕಾದರೆ ಮಿಲ್ಟನ್ ಜೊತೆ ವಾದ ಮಾಡಿರಬೇಕು, ಅದಕ್ಕಿಂತ ಹೆಚ್ಚು ಹೇಳಿದರೆ ಆಟ ಕೆಡುತ್ತದೆ. ಉಪ್ಪಳದ ನನ್ನ ಗೆಳೆಯನೊಬ್ಬ ಒಂದು ಟರ್ಮಿನಲ್ಲೂ ಮುಟ್ಟದೆ ನಾಲ್ಕೇ ದಿನದಲ್ಲಿ ಮುಗಿಸಿದ. ಗೋಪುರ ಹತ್ತಿದೆಯಾ ಎಂದು ಕೇಳಿದೆ. ಹತ್ತಿದೆ ಅಂದ. ಯಾಕೆ ಎಂದರೆ, “ಬಾಗಿಲು ತೆರೆದಿತ್ತು” ಅಂದ.

ನೀವು ಸಿಕ್ಕಿಬಿದ್ದ ಪಜಲ್‌ನ ಫಲಕದಲ್ಲಿ ಒಂದು ಹೆಸರು ಬರೆದಿರುತ್ತದೆ, ಅದನ್ನು ತಿಳಿಸಿ. ಉತ್ತರ ಹೇಳುವುದಿಲ್ಲ. ಗುಂಡಿ ಮೇಲೆ ಎಷ್ಟು ಎಣಿಸಬೇಕು ಎಂದು ಬೇಕಾದರೆ ಹೇಳುತ್ತೇನೆ.